ನನ್ನ ಪ್ರಿಂಟರ್‌ನಿಂದ ಬಂದ ಇನ್ನೊಬ್ಬಳ ಅರ್ಜಿ

ಎರಡು ವರ್ಷದ ಹಿಂದೆ, ತೊಗರಿ ಬಿತ್ತನೆ ಜೋರಾಗಿದ್ದ ಒಂದು ಸೋಮವಾರ ಬೆಳಿಗ್ಗೆ ಶುರುವಾದ ಪ್ರಸಂಗವಿದು. ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಪ್ರಿಂಟ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ತುಂಬುವುದು ನನ್ನ ಕೆಲಸ. ಮೊದಲು ಅದೇ ಜಾಗದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರ್ ಬಂದವು. ಆದರೆ ಕೈಗೆ ಬಂದ ಪ್ರತಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿಯೇ ಕೊಡುವ ನನ್ನ ಚಟ ಹೋಗಲಿಲ್ಲ. "ಮಂದಿ ಕಾಗದ ಓದೂದು ಬಿಡು ಮಾರಾಯ್ತಿ" ಎಂದು ನನ್ನ ಯಜಮಾನರು ಎಷ್ಟೋ ಸಲ ಹೇಳಿದ್ದಾರೆ.

ಆ ದಿನ ಮೊದಲು ಬಂದವಳು ಕಸ್ತೂರಿ. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಜೀವನ ಮಾಡುತ್ತಿದ್ದ ಗಟ್ಟಿ ಹೆಣ್ಣುಮಗಳು. ನಮ್ಮ ಕಡೆ ಒಂದು ಖಾಸಗಿ ಸಂಸ್ಥೆ ಹೆಂಗಸರಿಗೆ ಹೊಲಿಗೆ ಮತ್ತು ಕಂಪ್ಯೂಟರ್ ತರಬೇತಿ ಕೊಡುತ್ತದೆ. ಹೆಸರು ಹೇಳುವುದು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಅದರ ಕೇಂದ್ರಗಳಿವೆ. ಇಂಡಿಯಲ್ಲಿ ಹಾಸ್ಟೆಲ್ ಕೂಡ ಇದೆ. ಕಸ್ತೂರಿಯ ಅರ್ಜಿಯನ್ನು ಹದಿನೈದು ದಿನದ ಹಿಂದೆ ನಾನೇ ತುಂಬಿಕೊಟ್ಟಿದ್ದೆ. ಈಗ ಅವಳಿಗೆ ಅದರ ಪ್ರತಿ ಬೇಕಾಗಿತ್ತು.

"ಅಕ್ಕಾರ, ನಾಳಿ ಹನ್ನೆರಡಕ್ಕ ಆಯ್ಕೆ ಪಟ್ಟಿ ಬಿಡ್ತಾರಂತ್ರಿ. ಒಂದು ಪ್ರತಿ ತಗದು ಇಟ್ಗೊಳ್ಳೂಣು" ಎಂದು ಚೀಟಿ ಕೊಟ್ಟಳು. ಚೀಟಿಯಲ್ಲಿ ಅರ್ಜಿ ಸಂಖ್ಯೆ ಇತ್ತು.

ಸಂಸ್ಥೆಯ ವೆಬ್‌ಸೈಟ್ ತೆರೆದು, ಸಂಖ್ಯೆ ಹಾಕಿದೆ. ಪರದೆಯ ಮೇಲೆ ಅರ್ಜಿ ಸಂಖ್ಯೆ ಮತ್ತು 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಸಾಲು ಬಂತು. ಅದರ ಕೆಳಗೆ 'ಅರ್ಜಿಯ ಪಿಡಿಎಫ್ ಪಡೆಯಿರಿ' ಎಂಬ ಬಟನ್ ಇತ್ತು. ಅದನ್ನು ಒತ್ತಿ, ನೇರ ಪ್ರಿಂಟ್ ಕೊಟ್ಟೆ. ಎರಡು ಹಾಳೆ ಹೊರಗೆ ಬಂದವು. ಎಂದಿನಂತೆ ಓದಲು ಹಿಡಿದರೆ, ಅದರಲ್ಲಿದ್ದದ್ದು ಕಸ್ತೂರಿಯ ಫೋಟೋ ಅಲ್ಲ.

ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ. ಅವಳ ನಿಜವಾದ ಹೆಸರು ಬರೆಯಲಾರೆ, ಭಾಗ್ಯ ಎಂದು ಕರೆಯುತ್ತೇನೆ. ಅವಳ ಫೋನ್ ನಂಬರ್, ಆಧಾರ್ ಸಂಖ್ಯೆ, ಈಗ ಇರುವ ಮನೆಯ ವಿಳಾಸ, ಎಲ್ಲವೂ ಅಚ್ಚಾಗಿತ್ತು. ಎರಡನೇ ಹಾಳೆಯ ಕೊನೆಗೆ 'ವಸತಿ ಏಕೆ ಬೇಕು, ಗೌಪ್ಯ' ಎಂಬ ಜಾಗದಲ್ಲಿ ಹೀಗಿತ್ತು: ಗಂಡನ ಹೊಡೆತ ತಾಳಲಾರದೆ ಆಲಮೇಲ ಕಡೆಯ ಊರು ಬಿಟ್ಟು ಬಂದಿದ್ದೇನೆ. ಈಗ ಮುದ್ದೇಬಿಹಾಳದ ಹತ್ತಿರ ಸೋದರತ್ತೆಯ ಮನೆಯಲ್ಲಿದ್ದೇನೆ. ನಾನಿರುವ ಜಾಗ ಅವರಿಗೆ ಗೊತ್ತಾಗಬಾರದು.

ಚೀಟಿ ಮತ್ತೆ ನೋಡಿದೆ. ಕಸ್ತೂರಿ ಬರೆದುಕೊಂಡಿದ್ದ ಏಳನ್ನು ನಾನು ಒಂದು ಎಂದು ಓದಿದ್ದೆ, ಅಷ್ಟೆ. ಪಾಸ್‌ವರ್ಡ್ ಕೇಳಿರಲಿಲ್ಲ, ಫೋನಿಗೆ ಒಟಿಪಿ ಬಂದಿರಲಿಲ್ಲ. ಒಂದು ಅಂಕಿ ತಪ್ಪಿದ್ದಕ್ಕೆ ಯಾರದೋ ಬದುಕು ಇಡಿಯಾಗಿ ನನ್ನ ಕೈಗೆ ಬಂದಿತ್ತು.

ಎರಡೂ ಹಾಳೆಗಳನ್ನು ಚೂರು ಚೂರು ಮಾಡಿದೆ. ಕಂಪ್ಯೂಟರಿನಲ್ಲಿ ಇಳಿದಿದ್ದ ಪಿಡಿಎಫ್ ಅಳಿಸಿದೆ. ಕಸ್ತೂರಿ ಗಾಬರಿಯಾಗಿ, "ಏನಾತ್ರಿ ಅಕ್ಕಾರ? ನಂದು ರದ್ದಾತೇನು?" ಎಂದಳು. ನಡೆದದ್ದನ್ನು ಹೇಳಿದೆ, ಹೆಸರು ಊರು ಬಿಟ್ಟು. ಅವಳು "ಅಂದ್ರ ನಂದೂ ಹಿಂಗ ಯಾರರ ಓದಬಹುದು?" ಎಂದು ಕೇಳಿದಳು.

ಅವಳ ಮೊಬೈಲ್ ತೆಗೆದುಕೊಂಡು, ಅವಳದೇ ಸಂಖ್ಯೆ ಹಾಕಿ ನೋಡಿದೆವು. ಬಂತು, ಪೂರ್ತಿ ಬಂತು. ಇನ್ನೊಬ್ಬರ ಸಂಖ್ಯೆ ಹಾಕಿ ನೋಡಲು ಮನಸ್ಸಾಗಲಿಲ್ಲ. ಬೇಕಾಗಿಯೂ ಇರಲಿಲ್ಲ.

ಇದರಲ್ಲಿ ದೊಡ್ಡ ಅಪಾಯ ಬೇರೆಯೇ ಇತ್ತು. ಅಲ್ಲಿಯವರೆಗೆ ಯಾವ ಸಂಖ್ಯೆ ಯಾರದು ಎಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಮರುದಿನ ಹನ್ನೆರಡಕ್ಕೆ ಬಿಡುವ ಪಟ್ಟಿಯಲ್ಲಿ ಹೆಸರು, ಊರು, ಪಕ್ಕದಲ್ಲೇ ಅರ್ಜಿ ಸಂಖ್ಯೆ ಇರುತ್ತದೆ. ಅದರ ಹಿಂದಿನ ವರ್ಷ ಹಾಗೇ ಬಿಟ್ಟಿದ್ದರು, ಅರ್ಧ ತಾಸಿನಲ್ಲಿ ಅದು ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತ್ತು. ಭಾಗ್ಯಳ ಗಂಡ ಪಟ್ಟಿಯಲ್ಲಿ ಹೆಂಡತಿಯ ಹೆಸರು ನೋಡಿ, ಸಂಖ್ಯೆ ಹಾಕಿ, ಬಟನ್ ಒತ್ತಿದರೆ ಸಾಕು. ಅವಳ ಸೋದರತ್ತೆಯ ಮನೆಯ ವಿಳಾಸವೇ ಸಿಗುತ್ತಿತ್ತು.

ಬಾಗೇವಾಡಿಯಲ್ಲಿದ್ದ ಸಂಸ್ಥೆಯ ಮುಖ್ಯ ಕಚೇರಿಗೆ ಫೋನ್ ಮಾಡಿದೆ. ಮ್ಯಾನೇಜರ್ ಎತ್ತಿದರು. ಎಲ್ಲ ಹೇಳಿದೆ.

"ಅಕ್ಕಾರ, ನಮ್ಮ ವೆಬ್‌ಸೈಟ್ ಬಾಳ ಸೇಫ್ ಐತ್ರಿ" ಎಂದರು.

"ಸೇಫ್ ಇದ್ದಿದ್ರ ಬ್ಯಾರೆಯವರ ಅರ್ಜಿ ನನಗ ಹೆಂಗ ಬರ್ತಿತ್ರಿ?"

"ಅದರಾಗ ಗೌಪ್ಯ ಅಂತ ಬರದೇವಲ್ರಿ, ನೀವು ನೋಡ್ಲಿಲ್ಲೇನು?"

ಗೌಪ್ಯ ಎಂದು ಬರೆದರೆ ಗೌಪ್ಯವಾಯಿತು ಎಂದು ಆ ಮನುಷ್ಯ ನಂಬಿದ್ದರು. "ಪಟ್ಟಿ ಎರಡು ದಿನ ತಡ ಮಾಡ್ರಿ" ಎಂದೆ. "ಆಗಂಗಿಲ್ರಿ. ನಾಲ್ಕು ತಾಲೂಕಿಗೆ ಹೇಳೇವಿ. ಇಡ್ತೇನ್ರಿ" ಎಂದು ಇಟ್ಟೇ ಬಿಟ್ಟರು.

ಊಟ ಸೇರಲಿಲ್ಲ. ಭಾಗ್ಯಳ ನಂಬರ್ ಹಾಳೆಯ ಜೊತೆ ಹರಿದುಹೋಗಿದ್ದರೂ ನನ್ನ ತಲೆಯಲ್ಲಿ ಉಳಿದಿತ್ತು. ಟೈಪಿಂಗ್‌ನವರಿಗೆ ಅಂಕಿಗಳು ಬೇಗ ಅಂಟಿಕೊಳ್ಳುತ್ತವೆ. ಅವಳಿಗೆ ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಹೇಳಿದರೆ ಹೆದರುತ್ತಾಳೆ. ಹೇಳದಿದ್ದರೆ, ನಾಳೆ ಏನಾದರೂ ಆದರೆ ಆ ಪಾಪ ನನ್ನದು. ಕಡೆಗೆ ಮಧ್ಯಾಹ್ನ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ಮಾತಾಡದೆ ಹಿಡಿದುಕೊಂಡಳು. ನಾನು ಯಾರೆಂದು ಹೇಳಿದೆ.

"ನನ್ನ ನಂಬರ್ ನಿಮಗ ಹೆಂಗ ಸಿಕ್ತರಿ?"

ಆ ಪ್ರಶ್ನೆಯಲ್ಲಿದ್ದ ಹೆದರಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ. ನಿಧಾನವಾಗಿ ಎಲ್ಲ ತಿಳಿಸಿ ಹೇಳಿದೆ. ಆಮೇಲೆ ಅಂದಳು, "ನೀವು ಅವರ ಕಡಿಯವರಲ್ಲ ಹೌದಿಲ್ರಿ?"

"ಅಲ್ಲವ್ವ. ನಿನ್ನ ವಯಸ್ಸಿನ ಮಗಳದಾಳ ನನಗ."

"ಹಂಗಾದ್ರ ನನ್ನ ಅರ್ಜಿ ತಗಸಿಬಿಡ್ರಿ. ನನಗ ತರಬೇತಿನೂ ಬ್ಯಾಡ, ಹಾಸ್ಟೆಲ್ಲೂ ಬ್ಯಾಡ. ಅತ್ತಿ ಮನಿನೂ ಬಿಟ್ಟು ಎಲ್ಲರ ಹೋಗ್ತೇನಿ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಎಷ್ಟು ಧೈರ್ಯ ಮಾಡಿ ಈ ಹುಡುಗಿ ಊರು ಬಿಟ್ಟಿದ್ದಾಳೆ, ಎಷ್ಟು ಆಸೆಯಿಂದ ಆ ಅರ್ಜಿ ತುಂಬಿದ್ದಾಳೆ! ಯಾರೋ ನೆಟ್ಟಗೆ ಮಾಡದ ಕೆಲಸಕ್ಕೆ ಇವಳು ಮತ್ತೊಂದು ಮನೆ ಬಿಡಬೇಕೆ?

"ಎಲ್ಲೂ ಹೋಗಬ್ಯಾಡ. ನಾಳಿ ಹನ್ನೆರಡರ ತನಕ ತಡಿ. ನಾನ ಬಾಗೇವಾಡಿಗೆ ಹೋಗ್ತೇನಿ" ಎಂದೆ. ಹೋಗಿ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಿಲ್ದಾಣಕ್ಕೆ ಬಂದರೆ ಕಸ್ತೂರಿ ಬುತ್ತಿ ಗಂಟು ಹಿಡಿದು ನಿಂತಿದ್ದಳು. "ನೀವು ಒಬ್ರ ಹೋದ್ರ ಅವರು ಕೇಳಂಗಿಲ್ರಿ. ಅರ್ಜಿ ಹಾಕಿದಾಕಿ ನಾ ಬರಬೇಕು" ಎಂದಳು. ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ದಾಟಿ ಬಸ್ಸು ಬಾಗೇವಾಡಿ ಮುಟ್ಟುವಷ್ಟರಲ್ಲಿ ಹತ್ತೂವರೆ. ದಾರಿಯುದ್ದಕ್ಕೂ ನಾನು ಗಡಿಯಾರ ನೋಡಿದೆ, ಅವಳು ನಿದ್ದೆ ಮಾಡಿದಳು.

ಮ್ಯಾನೇಜರ್ ನಮ್ಮನ್ನು ನೋಡಿದ ಕೂಡಲೇ ಮುಖ ಗಂಟು ಹಾಕಿದರು. "ನಿನ್ನಿ ಫೋನ್ ಮಾಡಿದವರು ನೀವ ಏನು? ಬ್ಯಾರೆಯವರ ಅರ್ಜಿ ತಗದ್ರಿ ಅಂದ್ರ ಅದು ಹ್ಯಾಕ್ ಮಾಡಿದಂಗ್ರಿ. ಪೊಲೀಸ್ ಕೇಸ್ ಆಗ್ತೈತಿ" ಎಂದು ಎತ್ತರದ ದನಿಯಲ್ಲಿ ಹೇಳಿದರು. ಕಾಯುತ್ತ ಕುಳಿತಿದ್ದ ಏಳೆಂಟು ಹೆಂಗಸರು ನನ್ನ ಕಡೆ ಕಳ್ಳಿಯನ್ನು ನೋಡಿದ ಹಾಗೆ ನೋಡಿದರು. ಇಷ್ಟು ವರ್ಷ ಸಾವಿರಾರು ಮಂದಿಯ ಕಾಗದ ನನ್ನ ಕೈಯಲ್ಲಿ ಓಡಾಡಿವೆ, ಒಂದು ದಿನ ಒಬ್ಬರಿಂದ ಮಾತು ಬಂದದ್ದಿಲ್ಲ.

ಕಸ್ತೂರಿಯ ಗಂಟಲು ದೊಡ್ಡದು. "ಏನ್ರೀ, ಒಂದು ನಂಬರ್ ತಪ್ಪಿ ಒತ್ತಿದ್ರ ಹ್ಯಾಕ್ ಆಗ್ತೈತೇನು? ನಾ ಕಾಲೇಜ್ ಮೆಟ್ಟಿಲಾ ಹತ್ತಿಲ್ಲ, ನಾನೂ ತಗದೇನಿ. ನನ್ನೂ ಹಿಡಕೊಂಡ್ ಹೋಗ್ರಿ ಹಂಗಾದ್ರ!"

ಈ ಗದ್ದಲಕ್ಕೆ ಒಳಗಿನ ಕೋಣೆಯಿಂದ ಸಂಸ್ಥೆಯ ಅಧ್ಯಕ್ಷೆ ಹೊರಗೆ ಬಂದರು. ಎಪ್ಪತ್ತು ದಾಟಿದ ಹಿರಿಯರು, ನಿವೃತ್ತ ಮುಖ್ಯಾಧ್ಯಾಪಕಿ. ಅವರನ್ನು ಕಂಡು ಎಲ್ಲರೂ ಸುಮ್ಮನಾದರು.

"ಏನದು?"

ನಾನು ಹೇಳಿದೆ. ಅವರು ಪೂರ್ತಿ ಕೇಳಿ, "ಬಾಯಿಲೆ ಹೇಳಿದ್ರ ನನಗ ತಿಳಿಯಂಗಿಲ್ಲ. ನನ್ನ ಮುಂದ ಮಾಡಿ ತೋರಸ್ರಿ" ಎಂದರು.

"ನಾ ಮುಟ್ಟಂಗಿಲ್ರಿ ಅಮ್ಮಾರ. ನೀವ ನಿಮ್ಮ ಫೋನಿನಾಗ ಮಾಡ್ರಿ" ಎಂದೆ. ಅದೊಂದು ಮಾತು ಆ ಕ್ಷಣದಲ್ಲಿ ಹೇಗೆ ಹೊಳೆಯಿತೋ ಗೊತ್ತಿಲ್ಲ.

ಕಸ್ತೂರಿ ಮುಂದೆ ಬಂದು ತನ್ನ ಅರ್ಜಿ ಸಂಖ್ಯೆ ಹೇಳಿದಳು. ಅಮ್ಮನವರು ಕನ್ನಡಕ ಏರಿಸಿಕೊಂಡು, ಒಂದೊಂದೇ ಅಂಕಿ ಒತ್ತಿದರು. ಬಟನ್ ಒತ್ತಿದರು. ಕಸ್ತೂರಿಯ ಅರ್ಜಿ ಅವರ ಫೋನಿನಲ್ಲಿ ತೆರೆದುಕೊಂಡಿತು. ಓದುತ್ತ ಓದುತ್ತ ಕೆಳಗೆ ಸರಿಸಿದರು. ಕೊನೆಯ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಬರೆದವಳು ನಾನೇ. ಕುಡಿದು ಬಂದು ಬಾಗಿಲು ಬಡಿಯುವ ಮೈದುನನ ಕಾಟ ಅದರಲ್ಲಿತ್ತು. ಅಮ್ಮನವರು ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಇಟ್ಟರು.

"ಓದ್ರಿ ಅಮ್ಮಾರ, ನಾನು ಒಪ್ಪಿ ಕೊಟ್ಟೇನಿ" ಎಂದಳು ಕಸ್ತೂರಿ. "ಉಳದವರು ಒಪ್ಪಿಲ್ರಿ."

ಅಮ್ಮನವರು ಮ್ಯಾನೇಜರ್ ಕಡೆ ತಿರುಗಿ, "ವೆಬ್‌ಸೈಟ್ ಮಾಡಿದವಗ ಫೋನ್ ಹಚ್ರಿ. ಈಗಿಂದೀಗ" ಎಂದರು. ಆಗ ಹನ್ನೊಂದೂ ಕಾಲು.

ವೆಬ್‌ಸೈಟ್ ಮಾಡಿದವರು ವಿಜಯಪುರದಲ್ಲಿದ್ದರು. ಫೋನನ್ನು ಸ್ಪೀಕರಿಗೆ ಹಾಕಿದರು. "ಸಣ್ಣ ಕೆಲಸ್ರಿ, ಆ ಬಟನ್ ತಗದು ಹಾಕ್ತೇನಿ" ಎಂದು ಹೇಳಿ ಹತ್ತು ನಿಮಿಷದಲ್ಲಿ ತೆಗೆದೂ ಬಿಟ್ಟರು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ತೋರಿಸಿದರು. ನಿಜ, ಬಟನ್ ಇರಲಿಲ್ಲ. ಅವರ ಮುಖ ಅರಳಿತು. "ಆತಲ್ರಿ ಅಕ್ಕಾರ? ಇನ್ನ ಪಟ್ಟಿ ಬಿಡ್ತೇನಿ" ಎಂದು ಕುರ್ಚಿ ಎಳೆದುಕೊಂಡರು.

ನನಗೆ ಸಮಾಧಾನ ಆಗಲಿಲ್ಲ. ಹಿಂದಿನ ದಿನ ಕಸ್ತೂರಿಯ ಅರ್ಜಿ ತೆಗೆದಾಗ, ಅವಳ ಮೊಬೈಲಿನಲ್ಲಿ ಅದರ ಲಿಂಕ್ ಉಳಿದಿತ್ತು. ಲಿಂಕಿನ ಕೊನೆಯಲ್ಲಿ ಅವಳ ಅರ್ಜಿ ಸಂಖ್ಯೆಯೇ ಇದ್ದದ್ದನ್ನು ನಾನು ನೋಡಿದ್ದೆ. ಬಟನ್ ಇಲ್ಲದಿದ್ದರೂ ಲಿಂಕ್ ನಡೆಯಬಹುದಲ್ಲ ಎಂಬ ಅನುಮಾನ. "ಕಸ್ತೂರಿ, ಮೊಬೈಲ್ ತಾ" ಎಂದೆ. ಹಳೆಯ ಲಿಂಕ್ ಒತ್ತಿದೆ.

ಅರ್ಜಿ ಮತ್ತೆ ತೆರೆಯಿತು. ಫೋಟೋ, ಆಧಾರ್, ವಿಳಾಸ, ಗೌಪ್ಯ ಸಾಲು, ಎಲ್ಲ ಇದ್ದಂತೆಯೇ.

ಸ್ಪೀಕರಿನಲ್ಲಿದ್ದವರಿಗೆ ಕೇಳಲೆಂದು ಜೋರಾಗಿಯೇ ಹೇಳಿದೆ, "ಬಾಗಿಲಿಗೆ ಪರದೆ ಹಾಕೀರಿ ಸರ. ಕೀಲಿ ಹಾಕಿಲ್ಲ. ಲಿಂಕಿನಾಗಿನ ನಂಬರ್ ಬದಲಿ ಮಾಡಿದ್ರ ಇನ್ನೂ ಎಲ್ಲಾರದೂ ಬರ್ತೈತಿ."

ಆ ಕಡೆಯ ದನಿ ಬದಲಾಯಿತು. "ಮೇಡಂ, ನೀವು ಯಾವ ಕಂಪನಿಯವರು?"

"ನಂದು ಝೆರಾಕ್ಸ್ ಅಂಗಡಿರಿ" ಎಂದೆ. ಅಧ್ಯಕ್ಷೆ ಅಮ್ಮನವರು ಆ ದಿನ ಮೊದಲ ಸಲ ನಕ್ಕರು.

ಆ ಮನುಷ್ಯ ಒಳ್ಳೆಯವರೇ, ತಪ್ಪು ಒಪ್ಪಿಕೊಂಡರು. ಸ್ಕ್ರೀನಿನ ಮೇಲೆ ಕಾಣುವುದನ್ನಷ್ಟೇ ಎಚ್ಚರದಿಂದ ಮುಚ್ಚಿದ್ದೆ, ಪಿಡಿಎಫ್ ಮಾಡುವಾಗ ಅರ್ಜಿಯನ್ನು ಪೂರ್ತಿ ಕಳಿಸಿಬಿಟ್ಟಿದ್ದೆ, ಕೇಳುತ್ತಿರುವವರು ಯಾರು ಎಂದು ನೋಡುವ ಕೆಲಸವನ್ನೇ ಅದಕ್ಕೆ ಕೊಟ್ಟಿರಲಿಲ್ಲ ಎಂದರು. ಸರಿ ಮಾಡಲು ಮೂರು ನಾಲ್ಕು ತಾಸು ಬೇಕು ಎಂದರು. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಮ್ಯಾನೇಜರ್ ಚಡಪಡಿಸಿದರು. "ಅಮ್ಮಾರ, ಮಂದಿಗೆ ಹನ್ನೆರಡು ಅಂತ ಹೇಳೇವ್ರಿ. ಹೆಸರು ಕೆಡ್ತೈತಿ."

"ಪಟ್ಟಿ ನಿಲ್ಲಸ್ರಿ" ಎಂದರು ಅಮ್ಮನವರು. "ತಡ ಆದ್ರ ನಮ್ಮ ಹೆಸರು ಕೆಡ್ತೈತಿ. ಬಿಟ್ರ ಆ ಹುಡುಗ್ಯಾರ ಬಾಳೇ ಕೆಡ್ತೈತಿ."

ಅಲ್ಲೇ ನಿಂತು ವೆಬ್‌ಸೈಟನ್ನೇ ಪೂರ್ತಿ ಬಂದ್ ಮಾಡಿಸಿದರು. ಕಸ್ತೂರಿಯ ಲಿಂಕ್ ಒತ್ತಿದರೆ ಈಗ ಬಿಳಿ ಹಾಳೆ. ನಾನು ಹೊರಗೆ ವರಾಂಡಕ್ಕೆ ಬಂದು ಭಾಗ್ಯಳಿಗೆ ಫೋನ್ ಮಾಡಿದೆ. "ಪಟ್ಟಿ ನಿಂತೈತಿ. ಯಾರಿಗೂ ಏನೂ ಕಾಣೂದಿಲ್ಲ ಈಗ" ಎಂದೆ. ಅವಳು ಅತ್ತಳು. ನನ್ನ ಕಣ್ಣುಗಳೂ ಒದ್ದೆಯಾದವು.

ಕಸ್ತೂರಿಯ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇತ್ತು. ಅಧ್ಯಕ್ಷೆ ಅಮ್ಮನವರೂ ನಮ್ಮ ಜೊತೆಗೇ ಕುಳಿತು ಉಂಡರು. ಪೊಲೀಸ್ ಕೇಸ್ ಎಂದಿದ್ದ ಮ್ಯಾನೇಜರ್ ಸಹ ಒಂದು ರೊಟ್ಟಿ ಕೇಳಿ ಪಡೆದರು.

ಸಂಜೆ ನಾಲ್ಕೂವರೆಗೆ ವಿಜಯಪುರದಿಂದ ಫೋನ್ ಬಂತು. "ಮೇಡಂ ಇದಾರೇನ್ರಿ? ಅವರೇ ನೋಡಿ ಹೇಳ್ಲಿ" ಎಂದು ನನ್ನನ್ನೇ ಕೇಳಿದರು. ನಾನು ಹಳೆಯ ಲಿಂಕ್ ಒತ್ತಿದೆ. 'ನಿಮಗೆ ಅನುಮತಿ ಇಲ್ಲ' ಎಂದು ಬಂತು. ಮ್ಯಾನೇಜರ್ ತಮ್ಮ ಸ್ವಂತ ಹೆಸರಿನಲ್ಲಿ ಒಂದು ಪರೀಕ್ಷೆಯ ಅರ್ಜಿ ಹಾಕಿದ್ದರು. ಲಿಂಕಿನ ಕೊನೆಗೆ ಅದರ ಸಂಖ್ಯೆ ಹಾಕಿ ನೋಡಿದೆ. ಅದಕ್ಕೂ ಅದೇ ಉತ್ತರ. ಕಸ್ತೂರಿಯ ಫೋನಿಗೆ ಬಂದ ಒಟಿಪಿ ಹಾಕಿದ ಮೇಲಷ್ಟೇ ಅವಳ ಅರ್ಜಿ ತೆರೆಯಿತು. ಆಧಾರ್‌ನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದಲ್ಲಿ ಚುಕ್ಕಿಗಳಿದ್ದವು. ಗೌಪ್ಯ ಸಾಲು ಪಿಡಿಎಫ್‌ನಲ್ಲಿ ಇರಲೇ ಇಲ್ಲ. ಮೂರು ಸಲ ನೋಡಿದೆ. ಆಮೇಲೆ "ಕೀಲಿ ಬಿತ್ತು ಸರ" ಎಂದೆ. ಫೋನಿನ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು!

ಐದು ಗಂಟೆಗೆ ಪಟ್ಟಿ ಬಂತು. ಹೆಸರಿಲ್ಲ, ಊರಿಲ್ಲ, ಬರೀ ಸಂಖ್ಯೆಗಳು. ಕಸ್ತೂರಿಯ ಸಂಖ್ಯೆ ಇತ್ತು. ಅವಳು ಕಚೇರಿಯ ಅಂಗಳದಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಸುತ್ತು ತಿರುಗಿದಳು. ಭಾಗ್ಯಳ ಸಂಖ್ಯೆಯೂ ಇತ್ತು. ಅದನ್ನು ಕಂಡಾಗ ನನಗಾದ ಸಂತೋಷ ನನ್ನ ಸ್ವಂತ ಪರೀಕ್ಷೆಗಳ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ವಾರದೊಳಗೆ ಅವಳು ಇಂಡಿಯ ಹಾಸ್ಟೆಲ್ ಸೇರಿದಳು. ಕೆಲವು ದಿನಗಳ ನಂತರ ಅವಳೇ ಫೋನಿನಲ್ಲಿ ಹೇಳಿದ್ದು: ಅವಳು ಅರ್ಜಿ ಹಾಕಿದ ಸುದ್ದಿ ಹೇಗೋ ಗಂಡನಿಗೆ ಮುಟ್ಟಿತ್ತಂತೆ. ಪಟ್ಟಿ ಬಂದ ಮರುದಿನವೇ ಆತ ಆಲಮೇಲದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು, ಮಧ್ಯಾಹ್ನದವರೆಗೆ ಹುಡುಕಿಸಿದನಂತೆ. ಎಲ್ಲೂ ಹೆಸರು ಸಿಗದೆ ಅಂಗಡಿಯವರಿಗೆ ಬೈದು ಎದ್ದು ಹೋದನಂತೆ. ಇದನ್ನು ಹೇಳುವಾಗ ಭಾಗ್ಯ ನಗುತ್ತಿದ್ದಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಆಗಿನಿಂದ ಆ ಸಂಸ್ಥೆ ಯಾವ ಹೊಸ ಅರ್ಜಿ ಬಿಡುವುದಿದ್ದರೂ ಮೊದಲು ನನ್ನನ್ನು ಕರೆಸುತ್ತದೆ. "ಬರ್ರಿ ಮೇಡಂ, ಮುರದು ನೋಡ್ರಿ" ಎನ್ನುತ್ತಾರೆ ಮ್ಯಾನೇಜರ್. ನಾನು ಹೋಗುತ್ತೇನೆ, ಅವರು ಹಾಕಿದ ಪರೀಕ್ಷೆಯ ಅರ್ಜಿಗಳ ಮೇಲೆ ಬೇಕೆಂದೇ ತಪ್ಪು ಅಂಕಿ ಹಾಕುತ್ತೇನೆ, ಬಂದ ಪ್ರತಿ ಪುಟವನ್ನು ಓದುತ್ತೇನೆ. ಯಜಮಾನರು ಈಗ ನನ್ನ ಚಟದ ಬಗ್ಗೆ ಏನೂ ಹೇಳುವುದಿಲ್ಲ. ಕಸ್ತೂರಿ ಸಿಂದಗಿಯಲ್ಲೇ ಹೊಲಿಗೆ ಅಂಗಡಿ ಹಾಕಿದ್ದಾಳೆ. ನನ್ನ ಕುಪ್ಪಸಗಳೆಲ್ಲ ಅವಳ ಕೈಯವೇ.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕಾರ, ನಾನ್ರಿ" ಎಂದಳು ಭಾಗ್ಯ. ತರಬೇತಿ ಮುಗಿದು ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಹಿಡಿದಿದ್ದೇನೆ, ಸೋದರತ್ತೆಯನ್ನೂ ಕರೆದುಕೊಂಡು ಬಂದಿದ್ದೇನೆ ಎಂದಳು. ಯಾವ ಊರು ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಫೋನ್ ಇಟ್ಟ ಮೇಲೆ ಆ ನಂಬರನ್ನು ಅಳಿಸಿದೆ. ಅವಳನ್ನು ನಾನು ಎದುರಿಗೆ ಒಮ್ಮೆಯೂ ನೋಡಿಲ್ಲ, ಈಗ ಅವಳು ಎಲ್ಲಿದ್ದಾಳೆಂದೂ ನನಗೆ ತಿಳಿಯದು. ಯಾರಿಗೂ ತಿಳಿಯದು. ಅದನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ.